ಸುಯೆನ್, ಹಗ್ಗ ಬಿಡು

ಹೊಯಿ ಆನ್,
ಚಾಂದ್ರಮಾನದ ಹತ್ತನೆಯ ತಿಂಗಳು, ಹುಣ್ಣಿಮೆಯ ಮರುದಿನ

ಮುದ್ದು ತಂಗಿ ಸುಯೆನ್,

ಹೇಗಿದ್ದೀಯೇ? ಹೈಫಾಂಗ್‌ನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ನಿನ್ನ ಮಂಡಿನೋವು ಚಳಿಗಿಂತ ಮೊದಲೇ ಬಂದು ಠಿಕಾಣಿ ಹೂಡುತ್ತದೆ, ನನಗೆ ಗೊತ್ತು. ಶುಂಠಿ ಎಣ್ಣೆ ಕಾಯಿಸಿ ಹಚ್ಚು, ಸೋಮಾರಿತನ ಬೇಡ. ನಿನ್ನ ಯಜಮಾನರು ಹಡಗಿನಿಂದ ಇಳಿದು ಮನೆಗೆ ಬಂದರೇ? ಮಕ್ಕಳು ಹೊಟ್ಟೆ ತುಂಬ ತಿನ್ನುತ್ತಿದ್ದಾರಾ, ಅಥವಾ ನಿನ್ನ ಹಾಗೆ ಮೀನಿನ ಮುಳ್ಳು ಬಿಡಿಸುತ್ತಲೇ ಊಟ ಮುಗಿಸುತ್ತಾರಾ? ನೂಡಲ್ಸ್ ಅಂಗಡಿ ಮುಚ್ಚಿ ಬರಲಾಗದು, ಈ ಸಲದ ಹೊಸವರ್ಷದ ತೇತ್ ಹಬ್ಬಕ್ಕೂ ನಿನ್ನನ್ನು ಕಾಯಬಾರದು ಎಂದು ಬರೆದಿದ್ದೀಯ. ಅದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಲು ಬಾಯಿ ಬರುತ್ತಿಲ್ಲ. ಬೆಳಗ್ಗೆ ಎದ್ದ ಕೂಡಲೇ ಅವಳು ಕೇಳುವುದು ನೀನು ಬಂದೆಯಾ ಎಂದೇ.

ನಿನ್ನೆ ಹುಣ್ಣಿಮೆಯ ಪೂಜೆ ಮುಗಿದದ್ದೇ ತಡ, ಹಳೆಯ ಮನೆ ನೋಡಬೇಕೆಂದು ಅಮ್ಮ ಹಟ ಹಿಡಿದಳು. ನಾವು ಗದ್ದೆಯಂಚಿನ ಈ ಹೊಸ ಮನೆಗೆ ಬಂದ ಮೇಲೆ ಅವಳು ಹಳೆಪೇಟೆಯ ಕಡೆ ತಲೆ ಹಾಕಿರಲಿಲ್ಲ. ಸೈಕಲ್ ರಿಕ್ಷಾ ಮಾಡಿಕೊಂಡು ಹೋದೆವು. ಅಮ್ಮ ನೇರಳೆ ಬಣ್ಣದ ಉದ್ದಂಗಿ ತೊಟ್ಟು, ಎಲೆಯಡಿಕೆ ಜಗಿಯುತ್ತಾ, ಸೇತುವೆಯ ಹತ್ತಿರ ಇಳಿದು ಮಹಾರಾಣಿಯ ಹಾಗೆ ನಡೆದಳು. ಹಳೆಪೇಟೆ ನೋಡಲು ಬರುವ ಪ್ರವಾಸಿಗಳಿಗೆ ಟಿಕೆಟ್ ಮಾರುವ ಹುಡುಗಿ ಹೊಸಬಳಿರಬೇಕು. "ಅಜ್ಜೀ, ಟಿಕೆಟ್ ತಗೊಂಡ್ರಾ?" ಎಂದು ಕೇಳಿಯೇ ಬಿಟ್ಟಳು. ಅಮ್ಮ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿ, "ನಾನು ಈ ಬೀದಿಗೆ ಸೊಸೆಯಾಗಿ ಬಂದಾಗ ನಿಮ್ಮಜ್ಜಿ ಇನ್ನೂ ಲಂಗಕ್ಕೆ ಮೂಗು ಒರೆಸ್ಕೋತಿದ್ಲು. ಅವಳನ್ನೇ ಕೇಳ್ಹೋಗು ನನ್ನ ಟಿಕೆಟ್ಟು" ಎಂದಳು. ಆ ಹುಡುಗಿ ನಕ್ಕು ನಕ್ಕು ಸುಸ್ತಾಗಿ, ತಾನು ಕೂತಿದ್ದ ಸ್ಟೂಲನ್ನೇ ಅಮ್ಮನಿಗೆ ಕೊಟ್ಟಳು. ಅಲ್ಲೇ ಕೂತು ಕಾವ್ ಲಾವ್ ನೂಡಲ್ಸ್ ತರಿಸಿ ತಿಂದದ್ದೂ ಆಯಿತು. ಹಿಟ್ಟಿಗೆ ಹಳೆ ಬಾವಿಯ ನೀರು ಹಾಕಿಲ್ಲವೆಂದು ಅಮ್ಮ ಬೈದಳು. ಬೈದುಕೊಂಡೇ ಬಟ್ಟಲು ಬರಿದು ಮಾಡಿದಳು.

ನಮ್ಮ ಮನೆಯನ್ನು ಬಾಡಿಗೆಗೆ ಹಿಡಿದಿರುವ ದಿಯೆಪ್ ಅಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದಾಳೆ. ಒಳ್ಳೆಯ ಹೆಣ್ಣು, ಬಾಯಿ ಸ್ವಲ್ಪ ಜೋರು. ನಡುಮನೆಯ ತುಂಬ ರೇಷ್ಮೆಯ ಥಾನುಗಳು, ಬೊಂಬೆಗಳಿಗೆ ತೊಡಿಸಿದ ಅಂಗಿಗಳು. ಆದರೂ ಕಂಬಗಳು ಅವೇ, ನೆರೆ ಬಂದಾಗ ಸಾಮಾನು ಮೇಲೆಳೆಯುತ್ತಿದ್ದ, ಅಟ್ಟದ ನೆಲದಲ್ಲಿರುವ ಆ ಚೌಕದ ಕಿಂಡಿಯೂ ಹಾಗೇ ಇದೆ. ಅಮ್ಮ ಸುಮ್ಮನೆ ಕೂತು ಕಂಬ ಸವರುತ್ತಿದ್ದಳು. ಅಷ್ಟರಲ್ಲಿ ಒಳಗಿನ ತೊಟ್ಟಿಯನ್ನು ತೊಳೆಯುತ್ತಿದ್ದವರು ಬಕೆಟ್ ಬಗ್ಗಿಸಿದರು. ನೀರು ಹೊಸ್ತಿಲು ದಾಟಿ ಹರಿದು ಬಂದು ಅಮ್ಮನ ಪಾದಕ್ಕೆ ಮುಟ್ಟಿತು.

ಅಮ್ಮ ದಡಕ್ಕನೆ ಎದ್ದು ನಿಂತಳು. "ಹೊಳೆ ಒಳಗೆ ಬಂತು. ನೋಡ್ತಾ ನಿಂತ್ರೆ ಏನು ಬಂತು ಭಾಗ್ಯ? ಎತ್ತಿ, ಎಲ್ಲಾ ಮೇಲಕ್ಕೆತ್ತಿ. ಮೊದಲು ಹಿರಿಯರ ಪೂಜೆ ಪೀಠ, ಆಮೇಲೆ ಅಕ್ಕಿ." ಹೊರಗೆ ಬಿಸಿಲು ಸುಡುತ್ತಿತ್ತು ಕಣೇ. ನಾನು ಅಮ್ಮನ ಕೈ ಹಿಡಿದೆ, ಕೊಡವಿಕೊಂಡಳು. ದಿಯೆಪ್ ನನ್ನ ಮುಖ ನೋಡಿದಳು. ಮರುಕ್ಷಣವೇ, "ಕೇಳಿಸ್ಲಿಲ್ವೇನ್ರೋ? ಅಜ್ಜಿ ಹೇಳಿದ ಹಾಗೆ ಮಾಡ್ರೋ" ಎಂದು ತನ್ನ ಕೆಲಸದವರನ್ನು ಗದರಿ, ತಾನೂ ತೋಳು ಮೇಲೇರಿಸಿ ನಿಂತಳು. ಅವಳ ಋಣ ಹೇಗೆ ತೀರಿಸಲಿ? ಅಳತೆ ಕೊಡಲು ಬಂದಿದ್ದ ಒಬ್ಬ ಬಿಳಿಯ ಪ್ರವಾಸಿ, ತಾಳೆಮರದಷ್ಟು ಎತ್ತರ, ತಾನೂ ರೇಷ್ಮೆ ಹೊತ್ತು ಬಂದು ತೊಲೆಗೆ ತಲೆ ಗುದ್ದಿಕೊಂಡ. "ಲೋ ಉದ್ದಪ್ಪ, ಬಗ್ಗಿ ನಡಿಯೋ. ನಿಮ್ಮಮ್ಮ ಬಗ್ಗೋದು ಕಲಿಸ್ಲಿಲ್ವಾ?" ಎಂದಳು ಅಮ್ಮ. ಅವನಿಗೇನು ಅರ್ಥವಾಯಿತೋ, ಕೈ ಮುಗಿದ.

ಆಮೇಲೆ ಅಮ್ಮ ಕಿಂಡಿಯ ಕೆಳಗೆ ನಿಂತು ಮೇಲೆ ನೋಡುತ್ತಾ ಕೂಗಿದಳು. "ಸುಯೆನ್, ಹಗ್ಗ ಬಿಡು ಮಗಾ." ನೆರೆ ಬಂದಾಗಲೆಲ್ಲ ಹಗುರವೆಂದು ನಿನ್ನನ್ನೇ ಮೊದಲು ಮೇಲೆ ಹತ್ತಿಸುತ್ತಿದ್ದರಲ್ಲ, ನೀನು ರಾಟೆಗೆ ಹಗ್ಗ ಪೋಣಿಸಿ ಕೆಳಗಿಳಿಬಿಡುತ್ತಿದ್ದೆ. ದಿಯೆಪ್ ಮೆಲ್ಲಗೆ ಅಟ್ಟ ಹತ್ತಿ, "ಬಿಟ್ಟೆ ಅಮ್ಮಾ" ಎಂದಳು. ಅಮ್ಮ ತಲೆಯಾಡಿಸಿದಳು. "ಇದು ನನ್ನ ಸುಯೆನ್ ದನಿ ಅಲ್ಲ. ಅವಳು ಎಲ್ಲಿ?" ಎಂದು ಕತ್ತು ನೋಯುವವರೆಗೂ ಆ ಕಿಂಡಿಯನ್ನೇ ನೋಡುತ್ತಾ ನಿಂತಳು. ನನಗೆ ದುಃಖ ತಡೆಯಲಾಗಲಿಲ್ಲ. ನೀರು ಇಳಿಯಿತು, ಸುಯೆನ್ ಇಳಿದು ಹಿಂಬಾಗಿಲಿನಿಂದ ಹೊರಗೆ ಹೋದಳು ಎಂದು ಸುಳ್ಳು ಹೇಳಿದೆ. "ನನಗೆ ಹೇಳದೇನೇ ಹೋದ್ಲಾ?" ಎಂದಳು ಅಮ್ಮ. ಅಷ್ಟೇ. ನನ್ನ ಜೊತೆ ಬಂದು ರಿಕ್ಷಾ ಹತ್ತಿದಳು.

ಬೇಸರ ಮಾಡಿಕೊಳ್ಳಬೇಡ. ರಾತ್ರಿ ಗಂಜಿ ಕುಡಿದಳು, ಚೆನ್ನಾಗಿ ನಿದ್ದೆ ಮಾಡಿದಳು. ಮಕ್ಕಳ ತಲೆ ನೇವರಿಸಿ ದೊಡ್ಡಮ್ಮನ ಆಶೀರ್ವಾದ ಹೇಳು, ಯಜಮಾನರಿಗೆ ನನ್ನ ನಮಸ್ಕಾರ. ಹಿರಿಯರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಥೋವಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮನಸ್ಸು ತಡೆಯದೆ ಮತ್ತೆ ಹರಿದೆ. ರಿಕ್ಷಾದಲ್ಲಿ ಅಮ್ಮ ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, "ನೀವು ತುಂಬಾ ಒಳ್ಳೆಯವ್ರಮ್ಮ. ದಿನಾ ಬಂದು ನನಗೆ ಅನ್ನ ಹಾಕ್ತೀರಿ. ನಿಮ್ಮನ್ನ ಹೆತ್ತವಳು ಪುಣ್ಯವಂತೆ" ಎಂದಳು. ನಿಮಗೆ ಮಕ್ಕಳೆಷ್ಟು ಎಂದು ಕೇಳಿದೆ. "ಒಬ್ಬಳೇ. ಸುಯೆನ್" ಎಂದಳು. ಹಲವು ವಾರಗಳಿಂದ ಹೀಗೇ ಇದ್ದಾಳೆ, ನಿನಗೆ ಬರೆದಿರಲಿಲ್ಲ. ಅಕ್ಕ ನೋಡಿಕೊಳ್ಳುತ್ತಾಳೆಂದು ಅಲ್ಲೇ ಕೂರಬೇಡ, ಅಮ್ಮನ ಪಾಲಿಗೆ ನಾನು ಈಗ ಯಾರೋ ಹೆಂಗಸು. ನಿನ್ನ ಹೆಸರೂ ಅಳಿಸುವ ಮೊದಲು ರೈಲು ಹತ್ತು, ಹಬ್ಬದವರೆಗೆ ಕಾಯಬೇಡ. ಮಗಳನ್ನು ಕಂಡು ಅಮ್ಮ ಹಿಗ್ಗುವುದನ್ನು, ಆ ಯಾರೋ ಹೆಂಗಸಾಗಿಯೇ ಆಗಲಿ, ನಾನು ಪಕ್ಕದಲ್ಲಿ ನಿಂತು ನೋಡಬೇಕು.