ಎರಡು ಎಪ್ಪತ್ತಮೂರು

ಆಗಸ್ಟ್ 4
ಮತ್ತೆ ಹೊಸ ಮಕ್ಕಳು. ಎದುರಿಗೆ ಇನ್ನೊಂದು ಅಪಾರ್ಟ್‌ಮೆಂಟ್ ಎದ್ದಿದೆ, ಸ್ಕೂಲಿನಲ್ಲಿ ಬೆಂಚು ಮಾತ್ರ ಮೊದಲಿನಷ್ಟೇ. ಸೆಕ್ಷನ್ ಒಡೆದದ್ದು ಈ ವರ್ಷ ಮೂರನೇ ಸಲ. ನನ್ನ ಪಾಲಿಗೆ ಹತ್ತನೇ ಇ ಸೆಕ್ಷನ್, ಲೈಬ್ರರಿಯಲ್ಲಿ. ಎಪ್ಪತ್ತು ದಾಟಿದೆ. ನಂಬರ್ ಕೂಗಿ ಹಾಜರಿ ಮುಗಿಸುವಷ್ಟರಲ್ಲಿ ಗಂಟಲು ಕಟ್ಟುತ್ತದೆ. ಮುಖ ನೋಡಲು ಪುರುಸೊತ್ತೆಲ್ಲಿ?

ಆಗಸ್ಟ್ 19
ಗಣಿತದ ಟೆಸ್ಟ್ ತಿದ್ದಿದೆ. ಎಪ್ಪತ್ತಮೂರಕ್ಕೆ ಪೂರ್ತಿ ಇಪ್ಪತ್ತೈದು! ಕೊನೇ ಬೆಂಚಿನ ಎರಡು ಜಡೆಯವಳು. ಇಂಥವಳೊಬ್ಬಳಿದ್ದರೆ ಸಾಕು, ಪಾಠ ಮಾಡಿದ್ದಕ್ಕೂ ಸಾರ್ಥಕ.

ಸೆಪ್ಟೆಂಬರ್ 22
ತಲೆ ಕೆಟ್ಟು ಹೋಗಿದೆ. ಪೇಪರ್ ಕಟ್ಟಿನಲ್ಲಿ ಎರಡು ಎಪ್ಪತ್ತಮೂರು. ಒಂದು, ಹೋದ ವಾರ ಸೇರಿದ ಹುಡುಗನದು. ಆಫೀಸಿನವರೇ ಕೊಟ್ಟ ನಂಬರ್. ಅಲ್ಲಿಯವರೆಗೆ ರಿಜಿಸ್ಟರ್‌ನಲ್ಲಿ ಇದ್ದದ್ದೇ ಎಪ್ಪತ್ತೆರಡು. ಹಾಗಾದರೆ ಎರಡು ಜಡೆಯವಳು ಯಾರು?
ಡಿ ಸೆಕ್ಷನ್ ಸಮಾಜದ ಮೇಷ್ಟ್ರನ್ನು ಕೇಳಿದೆ.
"ಅಯ್ಯೋ, ಅವಳು ನಿಮ್ಮವಳಲ್ವಾ ಮೇಡಂ?"
ಭಾಷೆಯ ಟೀಚರ್: "ನಾನು ಬಿ ಸೆಕ್ಷನ್‌ದು ಅಂದ್ಕೊಂಡಿದ್ದೆ."
ಯಾರ ಪಟ್ಟಿಯಲ್ಲೂ ಇಲ್ಲ. ದಿನಾ ಬರುತ್ತಾಳೆ. ಏನಿದು...

ಸೆಪ್ಟೆಂಬರ್ 23
ಕ್ಲಾಸಿನಲ್ಲೇ ಎಬ್ಬಿಸಿ ಕೇಳಿಬಿಟ್ಟೆ. ನನ್ನ ಬಾಯಿಗಿಷ್ಟು!
"ಅಮ್ಮ ಸೇರಿಸೋಕೆ ಬಂದಾಗ ಕ್ಲರ್ಕ್ ಸರ್ ಟಿಸಿ ತನ್ನಿ ಅಂದ್ರು, ಮಿಸ್. ಹಳೇ ಸ್ಕೂಲ್ ಮುಚ್ಚೋಗಿದೆ. ಟಿಸಿ ಬರೋವರೆಗೆ ಪಾಠ ತಪ್ಪುತ್ತಲ್ಲ... ಅದಕ್ಕೆ ಬಂದು ಕೂತೆ."
ಪಟ್ಟಿಯ ಕೊನೇ ನಂಬರಿಗೆ ಒಂದು ಕೂಡಿಸಿ ತಾನೇ ಇಟ್ಟುಕೊಂಡಳಂತೆ. ಕ್ಲಾಸೆಲ್ಲ ಗೊಳ್ಳೆಂದಿತು. ನನಗೂ ನಗು ಬಂತು, ತಡೆಯಲಿಲ್ಲ. ಸಂಜೆ ನಿಲ್ಲು ಅಂದಿದ್ದೆ. ನಿಲ್ಲಲಿಲ್ಲ.

ಸೆಪ್ಟೆಂಬರ್ 24
ಬಂದಿಲ್ಲ.
ಹೆಡ್‌ಮಾಷ್ಟ್ರಿಗೆ ಎಲ್ಲ ಹೇಳಿದೆ. "ಎರಡು ತಿಂಗಳು ಕಣ್ಣು ಎಲ್ಲಿಟ್ಟಿದ್ರಿ ಮೇಡಂ?" ಅಂತ ಚೆನ್ನಾಗಿ ಉಗಿದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಕರ್ಕೊಂಡು ಬನ್ನಿ. ಟಿಸಿ ನಾನು ತರಿಸ್ತೀನಿ. ಪಬ್ಲಿಕ್ ಪರೀಕ್ಷೆಗೆ ಹೆಸರು ಕಳಿಸೋಕೆ ಮೂವತ್ತನೇ ತಾರೀಖೇ ಕೊನೆ. ಸಂಜೆ ಐದು. ತಪ್ಪಿದ್ರೆ ಒಂದು ವರ್ಷ ಹೋಯ್ತು" ಅಂದರು.
ಎಲ್ಲಿಂದ ಕರೆದುಕೊಂಡು ಬರಲಿ? ಮಕ್ಕಳ ವಿಳಾಸ ಇರುವುದು ರಿಜಿಸ್ಟರ್‌ನಲ್ಲಿ. ಅವಳು ಅದರಲ್ಲೇ ಇಲ್ಲ.

ಸೆಪ್ಟೆಂಬರ್ 28
ಭಾನುವಾರ. ಹೊಸ ಲೇಔಟ್ ಎಲ್ಲ ಸುತ್ತಿದೆ. ಬೀದಿಗೆ ಬೋರ್ಡಿಲ್ಲ, ಮನೆಗೆ ನಂಬರಿಲ್ಲ. "ಎರಡು ಜಡೆ ಹುಡುಗಿ" ಅಂದರೆ ಜನ ನನ್ನನ್ನೇ ಮೇಲೆ ಕೆಳಗೆ ನೋಡುತ್ತಾರೆ. ಮನೆಯವರು, "ಸುಮ್ನೆ ಇದ್ದಿದ್ರೆ ಅವಳು ಅಲ್ಲೇ ಕೂತಿರ್ತಿದ್ಲು ಅಲ್ವೇನೇ?" ಅಂದರು. ಕೂತಿರುತ್ತಿದ್ದಳು. ಪರೀಕ್ಷೆ? ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ.

ಸೆಪ್ಟೆಂಬರ್ 30, ಮಧ್ಯಾಹ್ನ 2.45
ಅವಳಮ್ಮ ಬಂದಿದ್ದರು! ಅಪಾರ್ಟ್‌ಮೆಂಟಿನಲ್ಲಿ ಕ್ಲೀನಿಂಗ್ ಕೆಲಸ, ಯೂನಿಫಾರಂನಲ್ಲೇ ಓಡಿ ಬಂದದ್ದು.
"ಮಿಸ್, ಆ ಸ್ಕೂಲ್ ತುಂಬಾ ದೂರ. ವಾಪಸ್ ಇಲ್ಲಿಗೇ ಹಾಕ್ಕೊಳ್ಳಿ."
"ಯಾವ ಸ್ಕೂಲಮ್ಮ?"
"ರೈಲ್ವೆ ಲೈನ್ ಆಚೆದು. ನೀವೇ ಅಲ್ಲಿಗೆ ಕಳಿಸಿದ್ರಂತಲ್ಲ. ಟಿಸಿ ಇಲ್ದೇನೇ ಸೇರಿಸ್ಕೊಂಡ ಪುಣ್ಯಾತ್ಗಿತ್ತಿ ಅಂತ ನಿಮ್ಮನ್ನ ದಿನಾ ನೆನೀತಿದ್ದೆ, ಮಿಸ್."
ಸೇರಿಸಿಕೊಂಡದ್ದೂ ನಾನಲ್ಲ, ಕಳಿಸಿದ್ದೂ ನಾನಲ್ಲ. ಪರೀಕ್ಷೆಯ ಫಾರಂ ತುಂಬಿಸಿ ಅಮ್ಮನ ಸಹಿ ಹಾಕಿಸಿಕೊಂಡೆ. ಇನ್ನು ಬೇಕಾದದ್ದು ಹುಡುಗಿಯ ಸಹಿ ಒಂದೇ. ಆಟೋ ಬಂತು.

3.40
ರೈಲ್ವೆ ಲೈನ್ ಆಚೆಯ ಸ್ಕೂಲು, ವರಾಂಡ. ಇದ್ದಾಳೆ! ಕಿಟಕಿಯಿಂದ ಕಾಣುತ್ತದೆ, ಕೊನೇ ಬೆಂಚು, ತಲೆ ತಗ್ಗಿಸಿ ಬರೆಯುತ್ತಿದ್ದಾಳೆ. ಎಲ್ಲರ ಮುಂದೆ ಇನ್ನೊಮ್ಮೆ ಕರೆಯಲಾರೆ. ಬೆಲ್ ಆಗಲಿ. ಅಲ್ಲಿಯವರೆಗೆ ಇದನ್ನು ಬರೆಯುತ್ತಿದ್ದೇನೆ. ಮೊದಲು ಏನು ಹೇಳಲಿ? ಬೈಯಲು ಬಂದಿಲ್ಲ ಅಂತಲೇ?
ಅಯ್ಯೋ, ನೋಡಿಬಿಟ್ಟಳು. ಪುಸ್ತಕ ಬ್ಯಾಗಿಗೆ ತುಂಬುತ್ತಿದ್ದಾಳೆ. ಈ ರೂಮಿಗೆ ಹಿಂದುಗಡೆ ಇನ್ನೊಂದು ಬಾಗಿಲು—