ಉಪ್ಪಿಲ್ಲದ ಊಟಕ್ಕೆ ಬಿದ್ದ ಬೀಗ

ನಗರಸಭೆಯ ಆಹಾರ ಪರವಾನಗಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಎಂದುಕೊಳ್ಳಿ.

ದೊಡ್ಡಾಸ್ಪತ್ರೆಯ ಎದುರಿಗಿದ್ದ ಎರಡು ಬೆಂಚಿನ ಹೋಟೆಲನ್ನು ನೀವು ಮುಚ್ಚಿಸಿದ್ದೀರಿ. ಅಲ್ಲಿ ಜಿರಲೆ ಇತ್ತೆಂದಲ್ಲ, ಹಳಸಿದ್ದನ್ನು ಬಡಿಸಿದರೆಂದೂ ಅಲ್ಲ. ನಿಮ್ಮ ನೋಟಿಸಿನ ಸಾಲು ನನಗೆ ಬಾಯಿಪಾಠವಾಗಿದೆ: “ಒಂದೇ ಪದಾರ್ಥವನ್ನು ಬೇರೆ ಬೇರೆ ಗ್ರಾಹಕರಿಗೆ ಬೇರೆ ಬೇರೆ ರೀತಿಯಲ್ಲಿ ತಯಾರಿಸಲಾಗುತ್ತಿದ್ದು, ಏಕರೂಪ ಗುಣಮಟ್ಟ ಇರುವುದಿಲ್ಲ.” ಆಸ್ಪತ್ರೆಯ ಸುತ್ತಮುತ್ತ ಏಕರೂಪ ಗುಣಮಟ್ಟದ ಹೋಟೆಲುಗಳಷ್ಟೇ ಇರಬೇಕೆಂಬುದು ನಿಮ್ಮ ಹೊಸ ನಿಯಮ. ಆ ಪರೀಕ್ಷೆಯಲ್ಲಿ ಪಾಸಾಗಿದ್ದು ಒಂದೇ ಒಂದು, ಊರೂರಲ್ಲಿ ಶಾಖೆಗಳಿರುವ ಕಂಪನಿ ಹೋಟೆಲು. ಅಭಿನಂದನೆಗಳು.

ನನ್ನ ಅಣ್ಣನಿಗೆ ಎರಡೂ ಕಿಡ್ನಿ ಕೆಲಸ ಮಾಡುವುದಿಲ್ಲ. ಆರು ವರ್ಷಗಳಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್. ಎರಡು ಬಸ್ಸು ಬದಲಿಸಿ ಬಂದು, ನಾಲ್ಕು ಗಂಟೆ ಯಂತ್ರಕ್ಕೆ ಕೈಯೊಡ್ಡಿ ಮಲಗಿ ಎದ್ದವನಿಗೆ ಕಾಲಲ್ಲಿ ಕಸುವಿರುವುದಿಲ್ಲ, ಹೊಟ್ಟೆ ಮಾತ್ರ ಹಸಿದು ಉರಿಯುತ್ತಿರುತ್ತದೆ. ಆದರೆ ಸಿಕ್ಕಿದ್ದನ್ನು ತಿನ್ನುವಂತಿಲ್ಲ. ಹೋದ ವರ್ಷ ನೆಂಟರ ಮನೆಯಲ್ಲಿ ಒಂದು ಹೊತ್ತು ಉಪ್ಪಿನೂಟ ಮಾಡಿದ್ದಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಮೂರು ದಿನ ತುರ್ತು ಘಟಕದಲ್ಲಿದ್ದ.

ಅವನನ್ನು ಆರು ವರ್ಷ ಸಾಕಿದ್ದು ಆ ಎರಡು ಬೆಂಚಿನ ಹೋಟೆಲಿನ ಒಡತಿ. ರೋಗಿಗಳು, ನರ್ಸುಗಳು, ಆಟೋದವರು ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಕಿಡ್ನಿಗೆ ಆಗದ ಪೊಟ್ಯಾಸಿಯಂ ಇಳಿಯಲೆಂದು ಅಣ್ಣನ ಪಾಲಿನ ತರಕಾರಿಯನ್ನು ಎರಡು ಸಲ ಕುದಿಸಿ, ಎರಡು ಸಲವೂ ನೀರು ಚೆಲ್ಲಿ, ಉಪ್ಪಿನ ಬದಲು ನಿಂಬೆಹುಳಿ ಹಿಂಡಿ ಕೊಡುತ್ತಿದ್ದರು. ಪಕ್ಕದ ಬೆಂಚಿನ ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಪಾತ್ರೆ. ಹಲ್ಲಿಲ್ಲದ ಅಜ್ಜಂದಿರಿಗೆ ಮತ್ತೊಂದು. ನಿಮ್ಮ ಇನ್‌ಸ್ಪೆಕ್ಟರ್ ಬಂದಾಗ ನಾವು ಅಲ್ಲೇ ಉಣ್ಣುತ್ತಿದ್ದೆವು. “ಇದೇನ್ರೀ, ಒಬ್ಬೊಬ್ರಿಗೂ ಒಂದೊಂದು ಥರ?” ಎಂದು ಅವರು ಕೇಳಿದರು.

“ಇವನಿಗೆ ಉಪ್ಪು ಹಾಕಿದ್ರೆ ಉಸಿರು ಕಟ್ಟುತ್ತೆ ಸಾರ್. ಆ ಆಟೋದವ್ರಿಗೆ ಹಾಕ್ದಿದ್ರೆ ನನ್ ಉಸಿರು ಕಟ್ಟಿಸ್ತಾರೆ. ಒಂದೇ ಥರ ಹೆಂಗ್ ಮಾಡ್ಲಿ?” ಎಂದರು ದೊಡ್ಡಮ್ಮ. ನಾವೆಲ್ಲ ನಕ್ಕೆವು. ಇನ್‌ಸ್ಪೆಕ್ಟರ್ ನಗಲಿಲ್ಲ. ಆ ಮಾತನ್ನೇ ತಪ್ಪೊಪ್ಪಿಗೆಯೆಂದು ಬರೆದುಕೊಂಡು ಹೋದರು. ಹತ್ತನೇ ದಿನಕ್ಕೆ ಬೀಗ ಬಿತ್ತು.

ಮುಂದಿನ ವಾರ ಬೇರೆ ದಾರಿಯಿಲ್ಲದೆ ಕಂಪನಿ ಹೋಟೆಲಿಗೆ ಹೋದೆವು. ಸುಳ್ಳು ಹೇಳಬಾರದು, ನೆಲ ಹೊಳೆಯುತ್ತಿತ್ತು. ಆರೋಗ್ಯವಂತರು ಧಾರಾಳವಾಗಿ ಹೋಗಲಿ, ನಾನೂ ಹೋಗುತ್ತೇನೆ. ಕೌಂಟರಿನಲ್ಲಿದ್ದವರನ್ನು “ಉಪ್ಪಿಲ್ಲದ್ದು ಏನಾದ್ರೂ ಇದೆಯಾ?” ಎಂದು ಕೇಳಿದೆ.

“ಎಲ್ಲಾ ಪ್ಯಾಕೆಟ್‌ನಲ್ಲೇ ಬರುತ್ತೆ ಮೇಡಂ. ನಾವು ಬಿಸಿ ಮಾಡಿ ಕೊಡೋದಷ್ಟೇ.”

ನಾನು ಇನ್ನೂ ಯೋಚಿಸುತ್ತಿದ್ದೆ. ಅಣ್ಣನಿಗೆ ತಡೆಯಲಾಗಲಿಲ್ಲ, “ಏನಾಗುತ್ತೋ ಆಗ್ಲಿ” ಎಂದು ಒಂದು ತಟ್ಟೆ ತೆಗೆದುಕೊಂಡು ಕುಳಿತ. ಮೊದಲ ತುತ್ತು ಎತ್ತಿದ್ದ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಕಂಪನಿಯ ಟೋಪಿ, ಕೈಗವಸು ಹಾಕಿಕೊಂಡು ದೊಡ್ಡಮ್ಮ ಬಂದರು. ಸ್ವಂತ ಹೋಟೆಲು ಹೋದ ಮೇಲೆ ಅಲ್ಲೇ ಪ್ಯಾಕೆಟ್ ಕತ್ತರಿಸುವ ಕೆಲಸಕ್ಕೆ ಸೇರಿದ್ದರಂತೆ, ನಮಗೆ ಗೊತ್ತಿರಲಿಲ್ಲ. ನೆಟ್ಟಗೆ ಬಂದು ಅವನ ಮುಂದಿನ ತಟ್ಟೆ ಎಳೆದುಕೊಂಡರು.

“ಇದು ನಿಂಗಲ್ಲ. ಕೈಲಿರೋದನ್ನೂ ಇಡು.”

“ಹಸಿವು ದೊಡ್ಡಮ್ಮ.”

“ಗೊತ್ತು ಕಣೋ. ಇಡು.”

ಅವನು ಇಟ್ಟ. ಐವತ್ತೆರಡು ವರ್ಷದ ಗಂಡಸು, ಅಷ್ಟು ಜನರ ಮುಂದೆ ಅತ್ತುಬಿಟ್ಟ. ಮ್ಯಾನೇಜರ್ ನೋಡುತ್ತಿದ್ದರು. ಗ್ರಾಹಕರಿಗೆ ಕಂಪನಿಯ ಆಹಾರ ತಿನ್ನಬೇಡಿ ಎಂದು ಹೇಳಿದ್ದಕ್ಕಾಗಿ ಅವತ್ತೇ ದೊಡ್ಡಮ್ಮನ ಟೋಪಿ ಬಿಚ್ಚಿಸಿ ಕೆಲಸದಿಂದ ಕಳಿಸಿದರು. ಕಂಪನಿಯ ನಿಯಮದಲ್ಲಿ ಅದೂ ಇದೆಯಂತೆ. ಒಂದೇ ತಿಂಗಳಲ್ಲಿ ಎರಡು ಸಲ ಒಬ್ಬರ ಅನ್ನ ಕಿತ್ತುಕೊಳ್ಳುವುದಕ್ಕೆ ಎಷ್ಟು ನಿಯಮ ಬೇಕು ಸ್ವಾಮಿ?

ಮನೆಯಿಂದ ಡಬ್ಬಿ ತನ್ನಿ ಎನ್ನುತ್ತೀರಿ. ತರುತ್ತಿದ್ದೇವೆ. ವಾರ್ಡಿನೊಳಗೆ ಊಟ ಮಾಡುವಂತಿಲ್ಲ, ಹಾಗಾಗಿ ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ ಕುಳಿತು ತಣ್ಣಗಾದದ್ದನ್ನು ಅಣ್ಣ ನುಂಗುತ್ತಾನೆ. ದೂರದೂರಿಂದ ಒಂಟಿಯಾಗಿ ಬರುವವರಿಗೆ ಆ ಡಬ್ಬಿಯೂ ಇಲ್ಲ. ಮೊನ್ನೆ ಅಂಥವರೊಬ್ಬರು ಬರೀ ಬಿಸ್ಕತ್ತು ತಿಂದು ಬಸ್ಸು ಹತ್ತಿದರು. ಅವರ ಗುಣಮಟ್ಟ ಕಾಪಾಡಿದವರು ನೀವೇ ತಾನೆ?

ದೊಡ್ಡಮ್ಮನ ಅಡುಗೆಮನೆಯನ್ನು ತಿಂಗಳಿಗೊಮ್ಮೆ ತಪಾಸಣೆ ಮಾಡಿ. ಪಾತ್ರೆ ಮೂಸಿ ನೋಡಿ, ನೀರು ಪರೀಕ್ಷೆಗೆ ಕಳಿಸಿ. ಯಾರೂ ಬೇಡವೆನ್ನುವುದಿಲ್ಲ. ಆದರೆ ಮೊದಲು ಬೀಗ ತೆಗೆಯಿರಿ, ಏಕರೂಪದ ಆ ಸಾಲನ್ನು ಹೊಡೆದುಹಾಕಿ. ಆಗುವುದಿಲ್ಲವೆಂದಾದರೆ ಇನ್ನೊಂದು ಆದೇಶವನ್ನೂ ಹೊರಡಿಸಿಬಿಡಿ: ಇನ್ನು ಮುಂದೆ ಈ ಊರಿನ ಜನರಿಗೆಲ್ಲ ಒಂದೇ ಕಾಯಿಲೆ ಬರತಕ್ಕದ್ದು.

ಇಂತಿ,
ಅಳತೆ ತೆಗೆದುಕೊಳ್ಳದೆ ಕತ್ತರಿ ಹಾಕುವುದನ್ನು ಇನ್ನೂ ಕಲಿಯದ
ಒಬ್ಬ ಹೊಲಿಗೆಯವಳು