ಮೂರನೇ ಬಡಿತ

ಮಂಗಳವಾರ, ಮಧ್ಯಾಹ್ನ

ನಾಟಕದ ಪರದೆಯ ಹಿಂದೆ ನಿಂತು ಇಪ್ಪತ್ತು ವರ್ಷ ನನಗೆ ಮಾತು ಎತ್ತಿಕೊಟ್ಟ ಅಕ್ಕನಿಗೆ ತಮ್ಮನ ನಮಸ್ಕಾರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ನಕ್ಕುಬಿಡುತ್ತೀಯ, ನನಗೆ ಮಾತು ತಪ್ಪುತ್ತದೆ. ಅದಕ್ಕೇ ಈ ಕಾಗದ. ನಿಧಾನವಾಗಿ ಕೂತು ಓದು. ಕೈಗೆ ಸೂಜಿ ಚುಚ್ಚಿಸಿಕೊಂಡು ಆ ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಿರುತ್ತೀಯಲ್ಲ, ಆಗ ಮಾತ್ರ ಓದಬೇಡ.

ಆರೋಗ್ಯ ವಿಮೆಯ ಸಮಿತಿಗೆ ಕಾರ್ಡುದಾರರೆಲ್ಲ ಸೇರಿ ನನ್ನನ್ನು ಆರಿಸಿದ್ದು ನಿನಗೆ ಗೊತ್ತು. ಯಾಕೆ ಆರಿಸಿದರು? ನನ್ನ ದನಿ ಕೊನೆಯ ಬೆಂಚಿಗೂ ಕೇಳುತ್ತದೆ ಅಂತ. ವಿಮೆಯ ವಿಷಯ ನನಗೆಷ್ಟು ಗೊತ್ತು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಳೆದ ಶುಕ್ರವಾರ ಕಚೇರಿಯ ಮಹಡಿಯಲ್ಲಿ ಸಭೆ. ಉದ್ದನೆಯ ಮೇಜು, ಅದರ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು, ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಮೊದಲು ಹಣಕಾಸಿನವರು ಎದ್ದರು. ಸಂಬಳದವರ ವಂತಿಗೆ ತಪ್ಪದೆ ಬರುತ್ತದಂತೆ. ಗಾಡಿಯವರು, ಕೂಲಿಯವರು ಕಾಯಿಲೆ ಬಿದ್ದ ತಿಂಗಳು ಮಾತ್ರ ಕಟ್ಟುತ್ತಾರಂತೆ. ಸರ್ಕಾರದ ಪಾಲು ಬರುವಷ್ಟರಲ್ಲಿ ವರ್ಷವೇ ತಿರುಗಿರುತ್ತದಂತೆ. ಏನನ್ನಾದರೂ ಬಿಡಲೇಬೇಕು ಎಂದರು. ಸರಿ ಅನ್ನಿಸಿತು. ಆಸ್ಪತ್ರೆಗಳ ಪರವಾಗಿ ಬಂದಿದ್ದ ಡಾಕ್ಟರು, ಬಾಕಿ ಹೀಗೇ ಬೆಳೆದರೆ ಆಸ್ಪತ್ರೆಗಳು ಯೋಜನೆಯನ್ನೇ ಬಿಟ್ಟು ಹೋಗುತ್ತವೆ ಎಂದರು. ಅದೂ ಸರಿ ಅನ್ನಿಸಿತು. ಆಮೇಲೆ ಹೆರಿಗೆ ವಾರ್ಡಿನ ನರ್ಸಮ್ಮ. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳನ್ನಿಡುವ ಬೆಚ್ಚನೆಯ ಪೆಟ್ಟಿಗೆಯ ಖರ್ಚು ವಿಮೆಯಲ್ಲಿಲ್ಲ. ಕಟ್ಟಲಾಗದವರು ಎರಡು ದಿನ ನೋಡಿ, ಕೂಸನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟುಬಿಡುತ್ತಾರೆ ಎಂದರು. ದನಿ ಏರಿಸಲೇ ಇಲ್ಲ. ನನಗೋ ತಲೆ ಗಿರ್ರೆಂದಿತು. ನಾಟಕದಲ್ಲಾದರೆ ಖಳನಾಯಕ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಇಲ್ಲಿ ನೋಡಿದರೆ ಹುರಿಮೀಸೆ ಇದ್ದದ್ದು ನನಗೊಬ್ಬನಿಗೇ.

ಕೊನೆಗೆ ನಿರ್ಣಯ ಬಂತು. ಇನ್ನು ಮುಂದೆ ಡಯಾಲಿಸಿಸ್ಸಿಗೆ ವಿಮೆ ವಾರಕ್ಕೆ ಎರಡೇ ಸಲ, ಮೂರನೆಯದು ರೋಗಿಯ ಖರ್ಚು. ಅದರಿಂದ ಉಳಿಯುವ ಹಣ ಕೂಸುಗಳ ಪೆಟ್ಟಿಗೆಗಳಿಗೆ. ಅಕ್ಕಾ, ನನ್ನ ಕಣ್ಣ ಮುಂದೆ ನಿನ್ನ ಕಾಲು ಬಂತು. ಒಂದು ಸರದಿ ತಪ್ಪಿದರೂ ಚಪ್ಪಲಿಗೆ ಹಿಡಿಸದಷ್ಟು ಊದುವ ಕಾಲು.

ನಮ್ಮ ಅಧ್ಯಕ್ಷೆಯದೊಂದು ಪದ್ಧತಿಯಿದೆ. ನಿರ್ಣಯ ಓದಿ ಪೆನ್ಸಿಲಿನಿಂದ ಮೇಜಿಗೆ ಮೂರು ಸಲ ಬಡಿಯುತ್ತಾರೆ. ಅಷ್ಟರೊಳಗೆ ಒಬ್ಬರು ಬೇಡ ಎಂದರೂ ನಿರ್ಣಯ ಬಿದ್ದುಹೋಯಿತು. ಇಲ್ಲವಾದರೆ ಎಲ್ಲರೂ ಒಪ್ಪಿದಂತೆ. ಮೊದಲನೇ ಬಡಿತಕ್ಕೆ ನಾನು ಕುರ್ಚಿ ತಳ್ಳಿ ಎದ್ದೆ. ಎರಡನೆಯದಕ್ಕೆ ಬಲಗೈ ಎತ್ತಿ ಎದೆ ತುಂಬ ಉಸಿರೆಳೆದೆ. ದೊಡ್ಡ ಮಾತಿಗೆ ಮುಂಚೆ ಒಂದು ಮೌನ ಹಿಡಿಯುವುದು ನನ್ನ ಹಳೇ ಅಭ್ಯಾಸ, ನಿನಗೆ ಗೊತ್ತಲ್ಲ. ಹಿಡಿದೆ.

ಟಕ್. ಸರ್ವಾನುಮತ ಎಂದು ಬರೆದುಕೊಂಡರು.

ನಾನಿನ್ನೂ ಕೈ ಎತ್ತಿಕೊಂಡೇ ನಿಂತಿದ್ದೆ. "ಯಾಕ್ ಸಾರ್, ಫ್ಯಾನ್ ಜೋರು ಮಾಡ್ಬೇಕಾ?" ಎಂದರು ಅಧ್ಯಕ್ಷೆ. ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕಾ.

ಮೆಟ್ಟಿಲಿಳಿಯುವಾಗ ಹಣಕಾಸಿನವರು ಹೆಗಲ ಮೇಲೆ ಕೈಯಿಟ್ಟು, "ನೀವ್ ಎದ್ದಾಗ ಹೆದರಿದ್ದೆ. ಸದ್ಯ, ಅರ್ಥ ಮಾಡ್ಕೊಂಡ್ರಿ" ಎಂದರು. ನನಗೇನು ಅರ್ಥವಾಯಿತೆಂದು ಅಂದಿನಿಂದ ನಾನೇ ಹುಡುಕುತ್ತಿದ್ದೇನೆ.

ಬರುವ ಶುಕ್ರವಾರ ಆ ಸಭೆಯ ನಡಾವಳಿಯನ್ನು ಓದಿ ಸಹಿ ಹಾಕಿಸುತ್ತಾರೆ. ನಾನು ಎದ್ದದ್ದು ಬೇಡ ಎನ್ನಲಿಕ್ಕೇ, ತಿದ್ದಿಕೊಳ್ಳಿ ಎಂದರೆ ನಿರ್ಣಯ ಬಿದ್ದುಹೋಗುತ್ತದೆ, ನಿನ್ನ ಮೂರನೇ ಸರದಿ ಉಳಿಯುತ್ತದೆ. ಸುಮ್ಮನಿದ್ದರೆ ಮುಂದಿನ ತಿಂಗಳಿಂದಲೇ ಜಾರಿ. ನಿನ್ನದನ್ನು ನಾನೇ ಕಟ್ಟೋಣವೆಂದರೆ ನನ್ನ ಪಿಂಚಣಿಯ ಯೋಗ್ಯತೆ ನಿನಗೆ ತಿಳಿಯದ್ದೇನಲ್ಲ.

ರಾಜನ ಪಾತ್ರದಲ್ಲಿ ಕೈದಿಗೆ ತೀರ್ಪು ಕೊಡುವ ಹೊತ್ತಿಗೆ ನಾನು ಬಾಯಿ ಬಿಟ್ಟುಕೊಂಡು ನಿಂತಾಗ, ಪರದೆಯ ಹಿಂದಿನಿಂದ "ಬಿಟ್ಬಿಡಿ ಅನ್ನೋ, ಪೆದ್ದ" ಎಂದು ಪಿಸುಗುಟ್ಟಿದ್ದೆಯಲ್ಲ? ಹಾಗೆ ಒಂದೇ ಒಂದು ಸಾಲು ಬರೆದು ಕಳಿಸು. ಈ ಕಾಗದ ತಂದ ಕಂಡಕ್ಟರನ ಕೈಯಲ್ಲೇ ಕೊಡು, ಗುರುವಾರ ತಲುಪಿಸುತ್ತಾನೆ.

ಇತ್ತ ಬೆಳಕಿನಲ್ಲಿ ಒಬ್ಬನೇ ನಿಂತಿರುವ,
ನಿನ್ನ ತಮ್ಮ

ತಾಜಾಕಲಂ: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅಂದು ನಾನು ಹಿಡಿದದ್ದು ನಾಟಕದ ಮೌನವಲ್ಲ. ನಾನು ಎದ್ದ ಕೂಡಲೇ ನರ್ಸಮ್ಮ ಕಣ್ಣು ಮುಚ್ಚಿಕೊಂಡರು. ಅದನ್ನು ನೋಡಿದೆ. ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಮೂರನೇ ಬಡಿತ ಬರುತ್ತದೆಂದೂ ಗೊತ್ತಿತ್ತು. ಬರಲಿ ಎಂದು ನಿಂತೆ. ಮಾಡಿದ್ದು ತಪ್ಪೋ ಸರಿಯೋ ಇವತ್ತಿಗೂ ತಿಳಿಯುತ್ತಿಲ್ಲ. ನೀನು "ಬೇಡ ಅನ್ನೋ" ಎಂದು ಬರೆದರೆ ಖಂಡಿತ ಅನ್ನುತ್ತೇನೆ. "ಸುಮ್ನೆ ಕೂತ್ಕೋ" ಎಂದು ಬರೆದುಬಿಟ್ಟರೆ ಏನು ಮಾಡಲಿ? ನಿನ್ನನ್ನು ಬಲ್ಲ ನನಗೆ ಈಗ ಅದೊಂದೇ ಹೆದರಿಕೆ.